ಯಾರ ಮೈ, ಯಾರ ದಾನ?



ನನ್ನ ಅಕ್ಕ ತನ್ನ ಎರಡು ಕಿಡ್ನಿಗಳಲ್ಲಿ ಒಂದನ್ನು ಭಾವನಿಗೆ ಕೊಡಲು ಒಪ್ಪಿದ್ದಾಳೆ. ಪರೀಕ್ಷೆಗಳೆಲ್ಲ ಮುಗಿದಿವೆ. ಬರುವ ತಿಂಗಳು ಆಪರೇಷನ್ ಅಂತಾರೆ.

ಅಕ್ಕನ ಮನೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಲ್ಲಿದೆ. ಕತ್ತಲಲ್ಲೇ ಎದ್ದು ಅಡುಗೆ ಮಾಡಿಟ್ಟು ಗಾಡಿ ಹತ್ತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಭಾನುವಾರ ಯಾರದಾದರೂ ಕಬ್ಬಿನ ಗದ್ದೆಯಲ್ಲಿ ಕೂಲಿ. ಭಾವ ಎರಡು ವರ್ಷದಿಂದ ವಾರಕ್ಕೆರಡು ಸಲ ಮಂಡ್ಯಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾರೆ. ಹೋಗುವ ದಿನ ಒಂದು ಸುಸ್ತು, ಬಂದ ದಿನ ಇನ್ನೊಂದು ಸುಸ್ತು. ದುಡಿಯುತ್ತಿದ್ದ ಮೈ ಈಗ ಜಗಲಿಯ ಮೇಲೆ ಮುದುಡಿಕೊಂಡು ಕೂತಿರುತ್ತದೆ. ಅವರು ಬದುಕಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಮಳವಳ್ಳಿ ಕಡೆಯ ನಮ್ಮ ಮನೆಯಲ್ಲಿ ಅವ್ವ ಹದಿನೈದು ದಿನದಿಂದ ಸರಿಯಾಗಿ ಉಂಡಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಅದಕ್ಕೇ ಆಸ್ಪತ್ರೆಯ ಕಾಗದವೆಲ್ಲ ನನ್ನ ಕೈಗೆ ಬರುತ್ತೆ, ಅವ್ವನ ಪ್ರಶ್ನೆಗಳೂ ನನ್ನ ಮುಂದೇ ಬಂದು ಕೂರುತ್ತವೆ.

"ಲೇ ಮಗಾ, ಓದ್ದೋನು ನೀನು, ಹೇಳು. ಒಂದು ತಗುದ್ ಮ್ಯಾಲೆ ಉಳ್ದಿದ್ದು ಕೆಟ್ಟೋದ್ರೆ ಏನ್ಲಾ ಮಾಡದು? ಅವ್ಳು ಮೊದಲ್ನಂಗೆ ಗೇಯಕ್ಕಾದದಾ? ಕೊಟ್ಟೂ ಅವನು ಉಳೀಲಿಲ್ಲ ಅಂದ್ರೆ? ಆ ಮನೇಲಿ ಅಷ್ಟೊಂದು ಗಂಡಸ್ರವ್ರಲ್ಲಾ, ನನ್ನ ಮಗಳೇ ಯಾಕ್ಲಾ?"

ನಾಲ್ಕು ಪ್ರಶ್ನೆ. ಆಸ್ಪತ್ರೆಯ ಕೌನ್ಸೆಲಿಂಗ್ ಕೋಣೆಯಲ್ಲಿ ಇದಕ್ಕೆ 'ಕುಟುಂಬದವರ ಭಯ' ಅಂತ ಹೆಸರು. ಭಯವನ್ನು ಹೋಗಲಾಡಿಸಬೇಕಂತೆ, ತಿಳುವಳಿಕೆ ಕೊಡಬೇಕಂತೆ. ನಾನು ಕೇಳುತ್ತೇನೆ: ಇದು ಭಯವೋ, ತಿಳುವಳಿಕೆಯೋ? ಸಾವಿರ ವರ್ಷ ಯಾರ ಮೈಯಿಂದ ಏನೇನು ತೆಗೆದುಕೊಂಡರು ಅನ್ನೋದು ಅವ್ವನಿಗೆ ಓದದೆಯೇ ಗೊತ್ತು. ತಿಳುವಳಿಕೆ ಬೇಕಾಗಿರೋದು ಆ ಕಡೆಯವರಿಗೆ.

ಇಂಥ ಆಪರೇಷನ್ ಆದಾಗಲೆಲ್ಲ ಪೇಪರಿನವರು ಏನು ಬರೆಯುತ್ತಾರೆ ನೋಡಿದ್ದೀರಿ. ಗಂಡನಿಗೆ ಕಿಡ್ನಿ ಕೊಟ್ಟ ಮಹಾಸತಿ. ಯಮನಿಂದ ಪತಿಯನ್ನು ಬಿಡಿಸಿಕೊಂಡು ಬಂದ ಸಾವಿತ್ರಿ. ನಮ್ಮ ಸೀಮೆಯ ಊರುಗಳ ಮುಂದೆ ಮಾಸ್ತಿಕಲ್ಲುಗಳಿವೆ. ಬಳೆ ತೊಟ್ಟ ಒಂದು ತೋಳು, ಮೇಲೆತ್ತಿದ ಒಂದು ಕೈ. ಆ ಕೈಯವಳ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ, ಅರಿಸಿನ ಕುಂಕುಮ ಮಾತ್ರ ತಪ್ಪದೆ ಬೀಳುತ್ತೆ. ಈಗ ಅದೇ ಕಲ್ಲನ್ನು ಪತ್ರಿಕೆಯ ಪುಟದಲ್ಲಿ ನೆಡುತ್ತಿದ್ದಾರೆ. ಆಪರೇಷನ್ ಆಗಿ ಎರಡು ವರ್ಷದ ಮೇಲೆ ಆಕೆಗೆ ಬಿಪಿ ಎಷ್ಟಿದೆ, ಕೆಲಸ ಉಳಿಯಿತೇ ಹೋಯಿತೇ ಅಂತ ಬರೆದ ಪೇಪರನ್ನು ನಾನು ನೋಡಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ನೀವು ಮಕ್ಕಳಿಗೆ 'ಕೆರೆಗೆ ಹಾರ' ಹಾಡಿನ ಕಥೆ ಹೇಳಿದ್ದೀರಿ. ಊರ ಗೌಡ ಕೆರೆ ಕಟ್ಟಿಸಿದ. ನೀರು ಬರಲಿಲ್ಲ. ಹೊತ್ತಿಗೆ ತೆಗೆದು ನೋಡಿದರು. ಕೆರೆ ಕಟ್ಟಿಸಿದವನನ್ನು ಯಾರೂ ಕೇಳಲಿಲ್ಲ. ಹುಡುಕಿ ಹುಡುಕಿ ಕಿರಿಸೊಸೆ ಭಾಗೀರತಿಯ ಮೇಲೆ ಬೆರಳಿಟ್ಟರು. ಅವಳು ತವರಿಗೆ ಹೋದಳು, ಹೆತ್ತವರ ಮುಂದೆ ನಿಜ ಬಿಚ್ಚಲಿಲ್ಲ, ಗೆಳತಿಯ ಹತ್ತಿರ ಮಾತ್ರ ಹೇಳಿಕೊಂಡಳು. ನಾವು ಪರೀಕ್ಷೆಯಲ್ಲಿ ಇದಕ್ಕೆ 'ತ್ಯಾಗ' ಅಂತ ಉತ್ತರ ಬರೆದು ಮಾರ್ಕ್ಸು ತಗೊಂಡವರು. ಅವಳು ತವರಲ್ಲಿ ಯಾಕೆ ಬಾಯಿ ಬಿಡಲಿಲ್ಲ ಅಂತ ನಮ್ಮನ್ನು ಯಾವ ಮೇಷ್ಟರೂ ಕೇಳಲಿಲ್ಲ. ಅಕ್ಕ ಈ ಸುದ್ದಿಯನ್ನು ಅವ್ವನಿಗೆ ಹೇಳಿದ್ದು ಪರೀಕ್ಷೆಗಳೆಲ್ಲ ಮುಗಿದ ಮೇಲೆ.

ಇರಲಿ, ಅವ್ವನ ಪ್ರಶ್ನೆಗಳಿಗೆ ಬರುತ್ತೇನೆ.

ಮೊದಲನೆಯದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ನಾನು ವಿಜ್ಞಾನದ ವಿರೋಧಿಯಲ್ಲ. 1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅವಳಿ ಅಣ್ಣತಮ್ಮಂದಿರಲ್ಲಿ ಒಬ್ಬ ಇನ್ನೊಬ್ಬನಿಗೆ ಕಿಡ್ನಿ ಕೊಟ್ಟ. ಕೊಟ್ಟವನು ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಬದುಕಿದ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ಕಸಿ ಯಶಸ್ವಿಯಾಯಿತು. ಆರೋಗ್ಯವಾಗಿರುವ ಮನುಷ್ಯ ಒಂದೇ ಕಿಡ್ನಿಯಲ್ಲಿ ಬದುಕಬಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕ ಹೀಗಿದೆ: ಕಿಡ್ನಿ ಕೊಟ್ಟ ಹತ್ತು ಸಾವಿರ ಜನರಲ್ಲಿ ಜೀವಮಾನದೊಳಗೆ ಸುಮಾರು 90 ಜನರಿಗೆ ಉಳಿದ ಕಿಡ್ನಿಯೂ ಪೂರ್ತಿ ಕೆಡುವ ಸಂಭವ ಇದೆ. ಅಷ್ಟೇ ಆರೋಗ್ಯವಾಗಿದ್ದು ಕೊಡದೇ ಇರುವ ಹತ್ತು ಸಾವಿರ ಜನರಲ್ಲಿ ಅದು 14. ಅಪಾಯ ಚಿಕ್ಕದು, ಆದರೆ ಇದೆ.

ಆದರೆ ಅದು ಯಾರ ಲೆಕ್ಕ? ಕೊಟ್ಟವರು ವರ್ಷ ವರ್ಷ ಬಿಪಿ, ಮೂತ್ರ, ಕ್ರಿಯಾಟಿನಿನ್ ನೋಡಿಸಿಕೊಳ್ಳುತ್ತಿರಬೇಕು. ನೀರು ಚೆನ್ನಾಗಿ ಕುಡಿಯಬೇಕು. ಮೈಕೈ ನೋವು ಅಂತ ಅಂಗಡಿಯ ನೋವಿನ ಮಾತ್ರೆ ನುಂಗಬಾರದು, ಕಿಡ್ನಿಗೆ ಅದು ಕೆಟ್ಟದ್ದು. ಈಗ ನನ್ನ ಅಕ್ಕನನ್ನು ನೋಡಿ. ಬಾತ್‌ರೂಮಿಗೆ ಎದ್ದು ಹೋದರೆ ಪೀಸು ಕಡಿಮೆಯಾಗುತ್ತೆ ಅಂತ ಮಷೀನಿನ ಮುಂದೆ ನೀರೇ ಕುಡಿಯದೆ ಕೂರುತ್ತಾಳೆ. ಸಂಜೆ ಸೊಂಟ ನೋವಿಗೆ ಪೆಟ್ಟಿಗೆ ಅಂಗಡಿಯ ಮಾತ್ರೆ. ಭಾನುವಾರ ಕಬ್ಬಿನ ಗರಿಯೊಳಗೆ ಉರಿಬಿಸಿಲು. ಒಂದು ದಿನ ಚೆಕಪ್ಪಿಗೆ ಹೋದರೆ ಒಂದು ದಿನದ ಸಂಬಳ ಹೋಯಿತು. ಇಂಥ ಹೆಂಗಸಿಗೆ ಆ ಲೆಕ್ಕ ಹಿಡಿದು 'ಏನೂ ಆಗಲ್ಲಮ್ಮ' ಅನ್ನೋದು ಅರ್ಧ ಸತ್ಯ. ಕಿಡ್ನಿ ಒಂದಾದರೂ ಸಾಕು, ನಿಜ. ಅದಕ್ಕೆ ನೀರು, ನೆರಳು, ಬಿಡುವು ಬೇಕು. ಅದನ್ನು ಕೊಡೋರು ಯಾರು?

ಎರಡನೇ ಪ್ರಶ್ನೆ, ಗೇಯಕ್ಕಾಗುತ್ತಾ ಅನ್ನೋದು. ಭಾರ ಎತ್ತುವ ಕೆಲಸಕ್ಕೆ ಮರಳಲು ಹಲವು ವಾರ ಬೇಕು ಅಂತ ಡಾಕ್ಟರೇ ಹೇಳುತ್ತಾರೆ. ಸರ್ಕಾರಕ್ಕೂ ಇದು ಗೊತ್ತು. ಗೊತ್ತಿರೋದಕ್ಕೇ ಕೇಂದ್ರ ಸರ್ಕಾರ 2023ರಲ್ಲಿ ಆಜ್ಞೆ ಮಾಡಿತು: ಅಂಗದಾನ ಮಾಡುವ ತನ್ನ ನೌಕರರಿಗೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ. ಬಹಳ ಒಳ್ಳೆಯ ಕೆಲಸ. ನೌಕರನ ಗಾಯ ಮಾಯಲು 42 ದಿನ ಬೇಕಾದರೆ ಕೂಲಿಯವಳ ಗಾಯ ಎಷ್ಟು ದಿನಕ್ಕೆ ಮಾಯುತ್ತೆ? ಆ ದಿನಗಳ ಕೂಲಿ ಯಾರು ಕಟ್ಟಿಕೊಡುತ್ತಾರೆ? ಆ ದಿನಗಳಲ್ಲಿ ವಾರದ ಸಂಘದ ಕಂತಿನವನು ಬಾಗಿಲಿಗೆ ಬರೋದು ನಿಲ್ಲುತ್ತಾ? ಅಕ್ಕನ ಹೊಟ್ಟೆಯ ಹೊಲಿಗೆ ಬಿಚ್ಚುವ ಮೊದಲೇ ಅವಳ ಮಷೀನಿನಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ.

ಮೂರನೆಯದು. ಬೇರೆಯವರ ಕಿಡ್ನಿಯನ್ನು ದೇಹ ಸುಲಭಕ್ಕೆ ಒಪ್ಪಲ್ಲ, ಹೊರಗೆ ನೂಕಲು ನೋಡುತ್ತೆ. ಅದನ್ನು ತಡೆಯುವ ಮಾತ್ರೆಯನ್ನು ಆ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ನುಂಗಬೇಕು. ತಪ್ಪಿಸಿದರೆ ಅಕ್ಕ ಕೊಟ್ಟದ್ದು ಮಣ್ಣುಪಾಲು. ಬಡವರ ಆಪರೇಷನ್ನಿಗೆ ಸರ್ಕಾರದ ಯೋಜನೆ ಇದೆ, ಸರಿ. ಐದನೇ ವರ್ಷದ ಮಾತ್ರೆಗೆ, ಹತ್ತನೇ ವರ್ಷದ ಮಾತ್ರೆಗೆ ಯಾರು ಹೊಣೆ ಅಂತ ಬರೆದುಕೊಡಿ ಅಂದೆ. 'ಅದೆಲ್ಲ ಆಮೇಲೆ ನೋಡೋಣ' ಅಂದರು. ಮೈ ಮಾತ್ರ ಈಗಲೇ ಕೊಡಬೇಕು, ಮಾತು ಆಮೇಲೆ.

ಇನ್ನು ನಾಲ್ಕನೇ ಪ್ರಶ್ನೆ. ನನ್ನ ಮಗಳೇ ಯಾಕೆ?

ಇದಕ್ಕೆ ಆಸ್ಪತ್ರೆಯಲ್ಲಿ ಉತ್ತರ ಸಿಗಲ್ಲ. ನಮ್ಮ ಮನೆಗಳಲ್ಲಿ ಹುಡುಕಬೇಕು. 1995ರಿಂದ 2021ರವರೆಗೆ ಈ ದೇಶದಲ್ಲಿ ನಡೆದ 36,640 ಅಂಗಕಸಿಗಳಲ್ಲಿ 29,695 ಗಂಡಸರಿಗೆ, 6,945 ಮಾತ್ರ ಹೆಂಗಸರಿಗೆ. ಕೇಂದ್ರದ ಅಂಗಕಸಿ ಸಂಸ್ಥೆ ಕೊಟ್ಟ ಲೆಕ್ಕ ಇದು. ಬದುಕಿದ್ದಾಗಲೇ ಅಂಗ ಕೊಡುವ ಐವರಲ್ಲಿ ಸುಮಾರು ನಾಲ್ವರು ಹೆಂಗಸರು ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಕೊಡೋ ಸಾಲಿನಲ್ಲಿ ಹೆಂಡತಿ, ತಾಯಿ, ಅಕ್ಕ. ತಗೊಳ್ಳೋ ಸಾಲಿನಲ್ಲಿ ಗಂಡ, ಮಗ, ತಮ್ಮ. ಹೆಂಗಸರ ಕಿಡ್ನಿ ಕೆಡೋದೇ ಇಲ್ಲವೇ? ಕೆಟ್ಟಾಗ ಅವರಿಗೆ ಕೊಡೋರು ಎಲ್ಲಿ ಹೋದರು?

ಭಾವನಿಗೆ ಇಬ್ಬರು ತಮ್ಮಂದಿರು. ಕಾನೂನಿನ ಪ್ರಕಾರ ಅವರೂ ಹತ್ತಿರದ ಸಂಬಂಧಿಗಳೇ. ಒಬ್ಬ 'ನಾನು ಟ್ರಾಕ್ಟರ್ ಓಡಿಸೋನು, ಮೈ ಗಟ್ಟಿ ಇರ್ಬೇಕು' ಅಂದ. ಇನ್ನೊಬ್ಬನಿಗೆ ಮದುವೆ ಆಗಬೇಕಂತೆ, ಹೊಟ್ಟೆ ಕುಯ್ದವನಿಗೆ ಹೆಣ್ಣು ಕೊಡಲ್ಲವಂತೆ. ಇಬ್ಬರ ರಕ್ತವನ್ನೂ ಪರೀಕ್ಷೆಗೇ ತೆಗೆಯಲಿಲ್ಲ. ಅಕ್ಕನನ್ನು ಯಾರೂ ಬಲವಂತ ಮಾಡಲಿಲ್ಲ. ಮಾಡೋ ಅಗತ್ಯವೇ ಬೀಳಲಿಲ್ಲ. ಎಲ್ಲರೂ ಸುಮ್ಮನೆ ಅವಳ ಮುಖ ನೋಡಿದರು, ಅಷ್ಟೇ.

ಇಲ್ಲಿ ನನ್ನ ಮಾತೊಂದಿದೆ. ಬಚ್ಚಿಟ್ಟು ಮಿಕ್ಕವರನ್ನು ಬೈದರೆ ಅದು ಬಂಡಾಯವಲ್ಲ. ನನ್ನ ರಕ್ತದ ಗುಂಪೂ ಭಾವನದೂ ಒಂದೇ. ಕಾಯ್ದೆಯ ಪುಸ್ತಕ ತಂದು ಮನೆಯವರ ಮುಂದೆ ಓದಿದವನು ನಾನೇ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಲ್ಲಿ ಹತ್ತಿರದ ಸಂಬಂಧಿ ಅಂದರೆ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳು ಸೇರಿದರು. ಹೆಂಡತಿಯ ತಮ್ಮ ಆ ಪಟ್ಟಿಯಲ್ಲಿಲ್ಲ. ಅವನು ಕೊಡಬೇಕಾದರೆ ಅಧಿಕಾರ ಸಮಿತಿಯ ಮುಂದೆ ಹೋಗಿ ಒಪ್ಪಿಗೆ ಪಡೆಯಬೇಕು. 'ನಾನು ಬರಲ್ಲ ಕಣವ್ವ, ಕಾನೂನಲ್ಲಿ ನಾನು ಹತ್ತಿರದೋನಲ್ಲ' ಅಂತ ಓದಿ ಹೇಳಿದೆ. ಆ ಸಾಲು ಓದುವಾಗ ನನ್ನ ಎದೆ ಹಗುರಾಯಿತು. ಸಮಿತಿಗೆ ಅರ್ಜಿ ಹಾಕಬಹುದು ಅನ್ನೋದನ್ನು ನಾನು ಜೋರಾಗಿ ಓದಲಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಏನೂ ಅನ್ನಲಿಲ್ಲ.

1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟರು. ಪ್ರತಿವರ್ಷ ನಾವೂ ಆ ದಿನ ಸಭೆ ಸೇರಿ ಘೋಷಣೆ ಕೂಗುತ್ತೇವೆ. ನಾನು ಪದ್ಯ ಓದುತ್ತೇನೆ. ಆದರೆ ಮನೆಯಲ್ಲಿ ಒಂದು ಕಿಡ್ನಿ ಬೇಕಾದಾಗ ಅಕ್ಕನ ಮುಖ ನೋಡಿದ ಕಣ್ಣುಗಳಲ್ಲಿ ನನ್ನವೂ ಎರಡು ಇದ್ದವು. ಓದಿದ ಮಗನ ಮೈಯನ್ನು ಉಳಿಸಬೇಕು, ಅವನು ಮನೆಯ ಭರವಸೆ ಅಂತ ಎಲ್ಲರೂ ಮಾತಿಲ್ಲದೆ ಒಪ್ಪಿಕೊಂಡರು. ನನ್ನನ್ನು ಓದಿಸಲು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅವಳೇ. ಮೇಲುಜಾತಿಯ ಜಗಲಿಯ ಬಗ್ಗೆ ಇಷ್ಟು ಮಾತಾಡುವ ನಾವು ನಮ್ಮ ಅಡುಗೆಮನೆಯ ಹೊಸಿಲ ಬಗ್ಗೆ ಯಾವಾಗ ಮಾತಾಡೋದು?

ಒಂದು ರಾತ್ರಿ ಅಕ್ಕನನ್ನೇ ಕೇಳಿದೆ. ಅವಳಂದಳು: "ಪ್ರೀತಿ ಇಲ್ದೆ ಏನ್ಲಾ? ಐತೆ. ಎದ್ರಿಕೇನೂ ಐತೆ. ಅವ್ರು ಓದ್ರೆ ಈ ಎರಡು ಮಕ್ಳ ಕಟ್ಕಂಡು ಯಾರ ಮನೆ ಜಗಲೀಲಿ ಕೂರ್ಲಿ? ನೀನ್ ಕರೀತೀಯಾ?" ನಾನು ಕರೀತೀನಿ ಅಂದೆ. ತಡವಾಗಿ ಅಂದೆ.

ಅವಳ ಮೈ ಅವಳದು. ಕೊಡಬೇಡ ಅನ್ನೋ ಹಕ್ಕು ನನಗಿಲ್ಲ, ಅವ್ವನಿಗೂ ಇಲ್ಲ. ಆದರೆ ಬೇರೆ ದಾರಿಗಳನ್ನೆಲ್ಲ ಮುಚ್ಚಿ, ಉಳಿದ ಒಂದೇ ಬಾಗಿಲ ಮುಂದೆ ನಿಲ್ಲಿಸಿ, 'ತಾನೇ ಇಷ್ಟಪಟ್ಟು ಹೋದಳು' ಅನ್ನೋದು ಒಪ್ಪಿಗೆಯೇ?

ಇಷ್ಟು ಸಾಲದು ಅಂತ ಊರಿನ ಬಾಯಿ ಬೇರೆ. ಅಕ್ಕನ ಸುದ್ದಿ ಹಬ್ಬಿದ ವಾರದಲ್ಲೇ ಟೀ ಅಂಗಡಿಯಲ್ಲಿ ಒಬ್ಬ ನನ್ನನ್ನು ಕೇಳಿದ: "ಎಷ್ಟಕ್ಕೆ ಮಾತಾಯ್ತಂತೆ?" ಅವನನ್ನು ಹೊಡೆಯಬೇಕು ಅನ್ನಿಸಿತು. ಆಮೇಲೆ ಯೋಚಿಸಿದೆ. ಈ ಪ್ರಶ್ನೆ ಆಕಾಶದಿಂದ ಬಿದ್ದದ್ದಲ್ಲ.

ಈ ಸೀಮೆಗೆ ಕಿಡ್ನಿ ವ್ಯಾಪಾರದ ಗಾಯ ಇದೆ. 1995ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಒಂದು ಹಗರಣ ಹೊರಬಿತ್ತು. ಕೆಲಸದ ಆಸೆ ತೋರಿಸಿ ಕರೆದುಕೊಂಡು ಹೋಗಿ, ಗೊತ್ತಿಲ್ಲದಂತೆ ಕಿಡ್ನಿ ತೆಗೆದರು ಅಂತ ಕೂಲಿಕಾರರು ದೂರು ಕೊಟ್ಟರು. ಕಾಯ್ದೆ ಬಂದ ಮೇಲೂ ವ್ಯಾಪಾರ ನಿಲ್ಲಲಿಲ್ಲ, ದಾರಿ ಬದಲಾಯಿತು. ಕಾಯ್ದೆಯಲ್ಲೇ ಒಂದು ಕಿಂಡಿ ಇತ್ತು. ಸಂಬಂಧಿಯಲ್ಲದವನೂ 'ಪ್ರೀತಿ ವಾತ್ಸಲ್ಯದಿಂದ' ಕೊಡಬಹುದು, ಸಮಿತಿ ಒಪ್ಪಬೇಕು. ದಳ್ಳಾಳಿಗಳು ಆ ಕಿಂಡಿಯಲ್ಲಿ ನುಗ್ಗಿದರು. ಕರ್ನಾಟಕದಲ್ಲಿ ನಿಲ್ಲದ ಈ ವ್ಯಾಪಾರದ ಬಗ್ಗೆ 2002ರಲ್ಲಿ 'ಫ್ರಂಟ್‌ಲೈನ್' ಪತ್ರಿಕೆ ಬರೆಯಿತು. ಮಂಡ್ಯ, ಮದ್ದೂರು, ಮಳವಳ್ಳಿಯ ಹೆಸರು ಕಬ್ಬು ಬೆಲ್ಲದ ಜೊತೆಗೆ ಕಿಡ್ನಿಗೂ ಸುದ್ದಿಯಾಯಿತು. ಸಾಲಕ್ಕೆ ಸಿಕ್ಕಿದ ಕೂಲಿಯವನು ಜೀವಮಾನದಲ್ಲಿ ಮುಖವನ್ನೇ ನೋಡದ ಸಾಹುಕಾರನ ಮೇಲೆ ತನಗೆ 'ವಾತ್ಸಲ್ಯ' ಅಂತ ಸ್ಟಾಂಪ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿದ. ನಮ್ಮವರನ್ನು ಮುಟ್ಟಿದರೆ ಮೈಲಿಗೆ ಅಂದವರಿಗೆ ನಮ್ಮವರ ಕಿಡ್ನಿ ಮೈಲಿಗೆಯಾಗಲಿಲ್ಲ.

ಈಗ ಕೆಲವು ಪಂಡಿತರು ಹೇಳುತ್ತಾರೆ: ಮಾರಾಟವನ್ನೇ ಕಾನೂನುಬದ್ಧ ಮಾಡಿ, ಬಡವನಿಗೂ ನಾಲ್ಕು ಕಾಸು ಸಿಗಲಿ. ಈ ಮಾತಿಗೆ ಉತ್ತರ ಪಕ್ಕದ ಚೆನ್ನೈನಲ್ಲಿದೆ. ಅಲ್ಲಿನ ವಿಲ್ಲಿವಾಕ್ಕಂ ಬಡಾವಣೆಯನ್ನು ಜನ 'ಕಿಡ್ನಿವಾಕ್ಕಂ' ಅಂತಲೇ ಕರೆದರು. ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರನ್ನು ಮಾತಾಡಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು. ಮಾರಿದ ಮೇಲೆ ಅವರ ಮನೆಯ ವರಮಾನ ಮೂರನೇ ಒಂದು ಪಾಲು ಇಳಿಯಿತು. ಮುಕ್ಕಾಲು ಪಾಲು ಜನ ಇನ್ನೂ ಸಾಲದಲ್ಲೇ ಇದ್ದರು. ನೂರಕ್ಕೆ 79 ಜನ ಬೇರೆಯವರಿಗೆ ಇದು ಬೇಡ ಅಂದರು. ಕಿಡ್ನಿ ಹೋಯಿತು, ಸಾಲ ಉಳಿಯಿತು.

ಕಾನೂನಿನ ಇನ್ನೊಂದು ಮುಖ ಕೇಳಿ. 2011ರ ತಿದ್ದುಪಡಿಯ ಪ್ರಕಾರ ಕಿಡ್ನಿ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಜೈಲು, 20 ಲಕ್ಷದಿಂದ ಒಂದು ಕೋಟಿವರೆಗೆ ದಂಡ. ದುಡ್ಡು ತಗೊಂಡವನೂ ಅಪರಾಧಿ. ಹೇಳಿದ ಅರ್ಧ ದುಡ್ಡೂ ಕೊಡದೆ ದಳ್ಳಾಳಿ ಮೋಸ ಮಾಡಿದರೆ ಬಡವ ಠಾಣೆಯ ಮೆಟ್ಟಿಲು ಹತ್ತಲಾರ, ಹತ್ತಿದರೆ ಮೊದಲು ಒಳಗೆ ಹೋಗುವವನು ಅವನೇ. ಆ ಭಯವೇ ದಳ್ಳಾಳಿಯ ಬಂಡವಾಳ. ಆದ್ದರಿಂದ ಟೀ ಅಂಗಡಿಯವನೇ, ಹೊಟ್ಟೆಯ ಮೇಲೆ ಗೆರೆ ಇರುವ ನಮ್ಮ ಜನರನ್ನು ನೋಡಿ ನಗಬೇಡ. ಮಾರಿದವನನ್ನು ಹಂಗಿಸುವ ಊರು ಸಾಲ ಕೊಟ್ಟವನನ್ನು ಒಂದು ಮಾತು ಕೇಳಲ್ಲ.

ಹಾಗಾದರೆ ಏನು ಮಾಡೋಣ? ಕಾನೂನಿನ ಪುಸ್ತಕದಲ್ಲೇ ಎರಡು ಸಾಲುಗಳಿವೆ. 2014ರ ನಿಯಮಗಳು ಹೇಳುತ್ತವೆ: ಕೊಡುವವರು ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವನಲ್ಲದ ಬೇರೊಬ್ಬರಿಂದ ಖಚಿತ ಮಾಡಿಕೊಳ್ಳಬೇಕು. ಅಂದರೆ ಮನೆಯ ಆ ಮೌನ ನೋಟದ ಬಲ ಎಷ್ಟು ಅಂತ ಕಾನೂನು ಬರೆದವರಿಗೂ ಗೊತ್ತಿತ್ತು. ಇನ್ನೊಂದು: ಸಂಬಂಧಿಯಲ್ಲದವನು ಕೊಡುವಾಗ ಅವನ ಮನೆಯವರೊಬ್ಬರನ್ನು ಕರೆದು ಮಾತಾಡಿಸಬೇಕು, ಅವರ ತಕರಾರಿದ್ದರೆ ಬರೆದುಕೊಳ್ಳಬೇಕು. ಸಂಬಂಧಿಯಲ್ಲದವನ ಅವ್ವನ ಮಾತು ಕಾಗದಕ್ಕೆ ಏರುತ್ತೆ. ಹೆಂಡತಿ ಕೊಡುವಾಗ ಮದುವೆಯ ಫೋಟೋ ಕೇಳುತ್ತಾರೆ, ಮಕ್ಕಳ ಜನನ ಪತ್ರ ಕೇಳುತ್ತಾರೆ, ಇಡೀ ಕುಟುಂಬದ ಫೋಟೋ ಕೇಳುತ್ತಾರೆ. ಹೆತ್ತವಳ ಮಾತು ಕೇಳುವ ಕಾಲಂ ನಮ್ಮ ಕೈಗೆ ಬಂದ ಅರ್ಜಿಯಲ್ಲಿಲ್ಲ. ಆ ಮಾತು ಆಪರೇಷನ್ ತಡೆಯಬೇಕಿಲ್ಲ. ಆದರೆ ಯಾರಾದರೂ ಕೇಳಿಸಿಕೊಳ್ಳಬೇಕು, ಉತ್ತರ ಬರೆದುಕೊಡಬೇಕು.

ನಮ್ಮ ಕಡೆ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಮಂಟೇಸ್ವಾಮಿ ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷೆ ತರಲು ಕಳಿಸಿದ. ಎಲ್ಲಿಗೆ? ನಮ್ಮ ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ, ಕಬ್ಬಿಣ ರಾಶಿ ಹಾಕಿಕೊಂಡು ಕೂತಿದ್ದ ಪಾಂಚಾಳರ ಹತ್ತಿರಕ್ಕೆ. ಇದ್ದವರ ಹತ್ತಿರ ಕೇಳಿದ. ಅವರು ಸುಲಭಕ್ಕೆ ಕೊಡಲಿಲ್ಲ, ಸಿದ್ದಪ್ಪಾಜಿಗೆ ಕೊಡಬಾರದ ಹಿಂಸೆ ಕೊಟ್ಟರು. ಇದ್ದವರನ್ನು ಕೇಳಬೇಕು ಅನ್ನೋ ಈ ನ್ಯಾಯ ನಮ್ಮ ಕೇರಿಯ ತಂಬೂರಿಗೆ ಗೊತ್ತಿದೆ. ಇವತ್ತು ರಾಶಿ ಇರೋದು ಯಾರ ಹತ್ತಿರ? ಸರ್ಕಾರದ ಹತ್ತಿರ. ಅದನ್ನು ಕೇಳೋಣ.

ದುಡಿದು ತಿನ್ನುವ ಯಾರೇ ಅಂಗ ಕೊಟ್ಟರೂ ಮಾಯುವವರೆಗಿನ ದಿನಗಳ ಕೂಲಿಯನ್ನು ಸರ್ಕಾರ ಕಟ್ಟಿಕೊಡಬೇಕು, ಕೆಲಸ ಹೋಗದಂತೆ ಕಾಯಬೇಕು. ನೌಕರನಿಗೆ 42 ದಿನವಾದರೆ ಕೂಲಿಯವಳಿಗೂ 42 ದಿನ. ಕೊಟ್ಟವರ ಚೆಕಪ್ಪು ಜೀವಮಾನವಿಡೀ ತಾಲ್ಲೂಕು ಆಸ್ಪತ್ರೆಯಲ್ಲೇ ಪುಕ್ಕಟೆ ಆಗಬೇಕು. ಪಡೆದವರ ಮಾತ್ರೆ ಕೊನೆಯವರೆಗೂ ಪುಕ್ಕಟೆ ಆಗಬೇಕು. ಮನೆಯ ಹೆಂಗಸಿನ ಮೈಗೆ ಕೈ ಹಾಕುವ ಮೊದಲು ಗಂಡಸರ ರಕ್ತವನ್ನೂ ಪರೀಕ್ಷೆ ಮಾಡಿದ ದಾಖಲೆ ಕೇಳಬೇಕು.

ಇನ್ನೂ ಒಂದು. ಸತ್ತವರ ಅಂಗಗಳನ್ನು ಹಂಚಲು ನಮ್ಮ ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಇದೆ. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅವರ ಅಂಗಗಳನ್ನು ಕೊಟ್ಟರು. ಸತ್ತ ಮೇಲೆ ಮಣ್ಣಿಗೋ ಬೆಂಕಿಗೋ ಹೋಗುವ ಕಿಡ್ನಿಗಳು ಸಾಕಷ್ಟು ಸಿಕ್ಕಿದರೆ ಬದುಕಿರುವ ಹೆಂಡತಿಯ ಹೊಟ್ಟೆ ಕುಯ್ಯುವುದು ತಪ್ಪುತ್ತೆ. ಸತ್ತವನ ಮೈಗೆ ಮಡಿ, ಮುಂದಿನ ಜನ್ಮ, ಮೋಕ್ಷ ಅಂತ ಹಿಂಜರಿಯುವವರೇ ಬದುಕಿರುವವಳನ್ನು ಮಹಾಸತಿ ಅಂತ ಹೊಗಳುತ್ತಾರಲ್ಲ, ಇದೆಂಥ ಧರ್ಮ? ನಾನು ನನ್ನ ಹೆಸರನ್ನು ಅಲ್ಲಿ ಬರೆಸಿದ್ದೇನೆ. ದೊಡ್ಡ ಸಾಧನೆ ಅಂತ ಹೇಳುತ್ತಿಲ್ಲ. ಬದುಕಿರುವಾಗ ಹಿಂಜರಿದವನು ಸತ್ತ ಮೇಲಾದರೂ ಕೊಡಲಿ.

ಸಂಗಾತಿಗಳೇ, ನಿಮ್ಮ ಊರಲ್ಲಿ ಇಂಥ ಅರ್ಜಿ ಹಿಡಿದು ಓಡಾಡುವ ಹೆಂಗಸು ಇದ್ದರೆ ಅವಳ ಜೊತೆ ಆಸ್ಪತ್ರೆಗೆ ಹೋಗಿ. ಅರ್ಜಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ, ನಾನು ಬಿಟ್ಟ ಸಾಲನ್ನೂ ಸೇರಿಸಿ. ಗಂಡಸರಿಲ್ಲದ ಕೋಣೆಯಲ್ಲಿ ಅವಳನ್ನು ಕೇಳಿ, ನಿನಗೆ ನಿಜಕ್ಕೂ ಇಷ್ಟವೇ ಅಂತ. ಇಷ್ಟ ಅಂದರೆ ಅವಳ ಬೆನ್ನಿಗೆ ನಿಂತುಕೊಳ್ಳಿ. ಇಲ್ಲ ಅಂದರೆ ಇನ್ನೂ ಗಟ್ಟಿಯಾಗಿ ನಿಂತುಕೊಳ್ಳಿ.

ನಾಳೆ ಸೋಮವಾರ ನಾನು ಅಕ್ಕನ ಊರಿಗೆ ಹೊರಟಿದ್ದೇನೆ. ಭಾವನ ತಮ್ಮಂದಿರಿಬ್ಬರನ್ನೂ ರಕ್ತಪರೀಕ್ಷೆಗೆ ಬನ್ನಿ ಅಂತ ಕರೆಯುತ್ತೇನೆ. ಅವರಿಗಿಂತ ಮುಂಚೆ ನನ್ನ ತೋಳು ಚಾಚುತ್ತೇನೆ. ಸಮಿತಿಗೆ ಹಾಕುವ ಅರ್ಜಿಯನ್ನೂ ತುಂಬಿಟ್ಟಿದ್ದೇನೆ. ಅಕ್ಕ ಬೇಡ ಅನ್ನಬಹುದು, ಡಾಕ್ಟರು ಆಗಲ್ಲ ಅನ್ನಬಹುದು. ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವಳು ಆ ನಾಲ್ಕು ಪ್ರಶ್ನೆಗಳನ್ನು ನನ್ನ ಬಗ್ಗೆಯೂ ಕೇಳುತ್ತಾಳೆ. ಕೇಳಲಿ. ಮಗನಿಗಾಗಿ ಕೇಳಿದಾಗಲಾದರೂ ಈ ಊರು ಉತ್ತರ ಕೊಡುತ್ತದೋ ನೋಡೋಣ.